ಗುಂಗುರು ಕೂದಲಿಗೆ ಬೇರೆ ಬಾಚಣಿಗೆ

ನಮ್ಮ ಕಡೆ ಭಾನುವಾರದ ತಲೆಸ್ನಾನಕ್ಕೆ ಒಂದು ಕ್ರಮವಿದೆ. ಬೆಳಿಗ್ಗೆ ಎದ್ದ ಕೂಡಲೇ ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟುವುದು, ಒಂದು ತಾಸು ಬಿಟ್ಟು ಬಿಸಿನೀರು, ಸೀಗೆಪುಡಿ ಹಾಕಿ ಗಸಗಸ ತಿಕ್ಕುವುದು, ಟವೆಲಿನಿಂದ ಪಟಪಟ ಹೊಡೆದು ಒಣಗಿಸುವುದು, ಆಮೇಲೆ ಸಿಕ್ಕು ಬಿಡಿಸಿ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುವುದು. ನನ್ನ ಅಜ್ಜಿ ನನ್ನ ಅಮ್ಮನಿಗೆ, ಅಮ್ಮ ನನಗೆ, ನಾನು ನನ್ನ ಮಗಳಿಗೆ ಹೀಗೆಯೇ ಮಾಡಿಕೊಂಡು ಬಂದೆವು. ಈ ಕ್ರಮದಲ್ಲಿ ದೋಷವೇನೂ ಇಲ್ಲ. ಆದರೆ ಇದು ನೆಟ್ಟಗಿನ ಕೂದಲಿಗೆ, ಹೆಚ್ಚೆಂದರೆ ಅಲೆಅಲೆಯಾದ ಕೂದಲಿಗೆ ಹುಟ್ಟಿಕೊಂಡ ಕ್ರಮ. ಸ್ಪ್ರಿಂಗಿನಂತೆ ಸುತ್ತಿಕೊಂಡ ಕೂದಲಿಗೆ ಇದನ್ನೇ ಮಾಡಿದರೆ ಮಗುವಿಗೆ ಭಾನುವಾರ ಬಂತೆಂದರೆ ಅಳು ಬರುತ್ತದೆ.

ನನ್ನ ಮೊಮ್ಮಗಳಿಗೆ ಈಗ ಆರು ವರ್ಷ. ತಾಯಿ ದಾವಣಗೆರೆಯವಳು, ತಂದೆ ಕೀನ್ಯಾ ದೇಶದ ಕಿಸುಮು ಊರಿನವರು. ಮಗಳು ಅಳಿಯ ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಮಗು ನಮ್ಮಲ್ಲಿದ್ದುಕೊಂಡು ಇಲ್ಲಿಯೇ ಶಾಲೆಗೆ ಹೋಗುತ್ತಾಳೆ. ಹಾಗಾಗಿ ಅವಳ ತಲೆಯ ಜವಾಬ್ದಾರಿ ನನ್ನದು. ಅವಳ ಕೂದಲಿನ ಒಂದೊಂದು ಎಳೆಯೂ ಬಾಲ್‌ಪೆನ್ನಿನ ಒಳಗಿನ ಸ್ಪ್ರಿಂಗಿನ ಹಾಗೆ. ಹಿಂಭಾಗದಲ್ಲಿ ಸುರುಳಿ ಚಿಕ್ಕದು, ಬಿಗಿ. ಹಣೆಯ ಮೇಲೆ ದೊಡ್ಡದು, ಸಡಿಲ. ಎರಡು ಮೂಲದ ಮಕ್ಕಳಲ್ಲಿ ಒಂದೇ ತಲೆಯಲ್ಲಿ ಎರಡು ಮೂರು ಬಗೆಯ ಕೂದಲು ಇರುವುದು ಸಾಮಾನ್ಯ.

ಇಂಥ ಕೂದಲನ್ನು ನೋಡಿಕೊಳ್ಳುವುದು ಹೇಗೆ ಎಂಬುದೇ ಈ ವಾರದ ಮಾತು. ಇದು ನಮ್ಮಂಥ ಒಂದೆರಡು ಮನೆಗಳ ಸಂಗತಿ ಎಂದು ಪುಟ ತಿರುಗಿಸಬೇಡಿ. ಬೀದಿಗೊಂದಾದರೂ ಗುಂಗುರು ತಲೆಯ ಮಗು ನಮ್ಮೂರುಗಳಲ್ಲೇ ಇದೆ. ಹೆಚ್ಚಿನವರ ಕೂದಲನ್ನು ಎಣ್ಣೆ ಬಳಿದು, ಎಳೆದು, ಅಂಟಿಸಿ ನೆಟ್ಟಗೆ ಮಾಡಲು ಹೆಣಗುತ್ತಿರುತ್ತೇವೆ, ಅಷ್ಟೆ.

ಗುಂಗುರು ಎಲ್ಲಿಂದ ಬರುತ್ತದೆ?

ಕೂದಲು ಹುಟ್ಟುವುದು ಚರ್ಮದೊಳಗಿನ ಒಂದು ಪುಟ್ಟ ಕುಳಿಯಲ್ಲಿ. ಆ ಕುಳಿ ನೆಟ್ಟಗಿದ್ದರೆ ಕೂದಲು ನೆಟ್ಟಗೆ ಬರುತ್ತದೆ. ಕುಳಿಯೇ ಬಾಗಿದ್ದರೆ ಕೂದಲು ಬಾಗಿಕೊಂಡೇ ಹೊರಬರುತ್ತದೆ. ನೆಟ್ಟ ಕೂದಲನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ, ಗುಂಗುರು ಕೂದಲು ಚಪ್ಪಟೆಯಾಗಿ ಕಾಣುತ್ತದೆ. ಹುರಿ ಮಾಡಿದ ಶಾವಿಗೆಗೂ ಒತ್ತಿದ ಪಟ್ಟಿಗೂ ಇರುವಷ್ಟು ವ್ಯತ್ಯಾಸ.

ಇದರಿಂದ ಎರಡು ಪರಿಣಾಮ. ನೆತ್ತಿಯ ಚರ್ಮ ತನ್ನಷ್ಟಕ್ಕೆ ತಾನೇ ಜಿಡ್ಡು ಸುರಿಸುತ್ತದೆ. ನೆಟ್ಟ ಕೂದಲಿನಲ್ಲಿ ಆ ಜಿಡ್ಡು ಬುಡದಿಂದ ತುದಿಯವರೆಗೆ ಸರಾಗವಾಗಿ ಇಳಿಯುತ್ತದೆ. ಸುರುಳಿ ಕೂದಲಿನಲ್ಲಿ ತಿರುವು ತಿರುವಿಗೂ ನಿಂತು ಬುಡದಲ್ಲೇ ಉಳಿಯುತ್ತದೆ. ಅದಕ್ಕೇ ಗುಂಗುರು ಕೂದಲಿನ ತುದಿ ಯಾವಾಗಲೂ ಒಣ. ಎರಡನೆಯದು, ತಿರುವು ಇರುವ ಕಡೆಯೆಲ್ಲ ಕೂದಲು ಬಲಹೀನ. ಎಳೆದರೆ ಅಲ್ಲಿಯೇ ತುಂಡಾಗುತ್ತದೆ. ನೀರಿಲ್ಲದ ಕೂದಲು, ಎಳೆತ ತಾಳದ ಕೂದಲು. ಈ ಎರಡು ಮಾತು ನೆನಪಿದ್ದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಇನ್ನೊಂದು ಮಾತು ಜವಳದ್ದು. ನನ್ನ ತವರು ಹರಿಹರ. ಹೊಳೆ ದಂಡೆಯ ಮೇಲೆ ಜವಳ ತೆಗೆಸುವಾಗ ನೆಂಟರೊಬ್ಬರು, "ಎರಡು ಸಲ ನುಣ್ಣಗೆ ಬೋಳಿಸ್ರಿ, ನೆಟ್ಟಗೆ ಬರ್ತಾವೆ" ಎಂದರು. ಕತ್ತಿ ಓಡುವುದು ಚರ್ಮದ ಮೇಲೆ, ಕುಳಿ ಇರುವುದು ಚರ್ಮದ ಒಳಗೆ. ಎಷ್ಟು ಸಲ ಬೋಳಿಸಿದರೂ ಕುಳಿಯ ಆಕಾರ ಬದಲಾಗದು. ಜವಳವನ್ನು ನಾವು ಮಾಡಿಸಿದ್ದು ಮನೆಯ ಪದ್ಧತಿ ಎಂದು. ಆರು ತಿಂಗಳಿಗೆ ಅದೇ ಸ್ಪ್ರಿಂಗುಗಳು ಮತ್ತೆ ಮೊಳೆತು ನಿಂತವು.

ಹಳಿಯಾಳದ ಹುಡುಗಿ ಕಲಿಸಿದ್ದು

ಆಫ್ರಿಕಾ ಮೂಲದ ಕೂದಲು ಕರ್ನಾಟಕಕ್ಕೆ ಹೊಸತಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನ ನೂರಾರು ವರ್ಷಗಳಿಂದ ಬಾಳುತ್ತಿದ್ದಾರೆ. ಪೋರ್ಚುಗೀಸರು ಅವರ ಹಿರಿಯರಲ್ಲಿ ಅನೇಕರನ್ನು ಆಫ್ರಿಕಾದ ಪೂರ್ವ ಕರಾವಳಿಯಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನೀನಾಸಂನಲ್ಲಿ ಕಲಿತು ಸಿನಿಮಾಕ್ಕೆ ಬಂದ ಪ್ರಶಾಂತ್ ಸಿದ್ದಿ ಅವರನ್ನು ನೀವೂ ತೆರೆಯ ಮೇಲೆ ನೋಡಿರುತ್ತೀರಿ.

2011ರಲ್ಲಿ ವಿಜ್ಞಾನಿಗಳು ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಅವರಲ್ಲಿ ಆಫ್ರಿಕಾದ ಬಾಂಟು ಜನರ ಅಂಶ ಹೆಚ್ಚು, ಜೊತೆಗೆ ಭಾರತೀಯ ಅಂಶ, ಅಲ್ಪಸ್ವಲ್ಪ ಯುರೋಪಿನ ಅಂಶವೂ ಇದೆ ಎಂದು ಅದರಲ್ಲಿ ಕಂಡುಬಂತು. ಅಂದರೆ ನನ್ನ ಮೊಮ್ಮಗಳ ತಲೆಯಲ್ಲಿ ಈಗ ಬೆರೆತಿರುವುದು, ಕನ್ನಡನಾಡಿನ ಕಾಡಿನಲ್ಲಿ ಎಷ್ಟೋ ತಲೆಮಾರಿನ ಹಿಂದೆಯೇ ಬೆರೆತಿತ್ತು.

ನಮ್ಮ ಹಿಂದಿನ ಬೀದಿಯಲ್ಲಿ ನರ್ಸಿಂಗ್ ಓದುವ ಹುಡುಗಿಯರು ಮನೆ ಮಾಡಿಕೊಂಡಿದ್ದರು. ಅವರಲ್ಲೊಬ್ಬಳು ಹಳಿಯಾಳದ ಕಡೆಯ ಸಿದ್ದಿ ಹುಡುಗಿ. ಮೊಮ್ಮಗಳನ್ನು ಕಂಡು ತಾನಾಗಿ ಮಾತಾಡಿಸಿದಳು. ಒಂದು ಭಾನುವಾರ ಮನೆಗೇ ಬಂದು ಕೂತಳು. ಅವಳ ಮೊದಲ ಪಾಠ: "ಅಮ್ಮಾರ, ಒಣ ಕೂದಲಕ್ಕ ಬಾಚಣಿಗಿ ಹಚ್ಚಬ್ಯಾಡ್ರಿ. ತೋಯಿಸ್ರಿ, ಆಮ್ಯಾಲೆ ಬೆರಳು, ಆಮ್ಯಾಲೆ ಬಾಚಣಿಗಿ." ಕೆಲಸ ಮಾಡುತ್ತಲೇ ತನ್ನ ಕಾಲೇಜಿನ ಮೊದಲ ದಿನದ ಕತೆ ಹೇಳಿದಳು. "ಯಾವ ದೇಶ ಅಂತ ಕೇಳಿದ್ರು. ಹಳಿಯಾಳ ಅಂದೆ. ನಕ್ಕರು. ಆಧಾರ್ ಕಾರ್ಡ್ ತೋರಿಸಬೇಕಾತು." ಅವಳು ನಗುತ್ತಲೇ ಹೇಳಿದಳು. ಮೊಮ್ಮಗಳು ಮಾತ್ರ ನಗಲಿಲ್ಲ, ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತಿದ್ದಳು. ತನ್ನಂಥದೇ ಕೂದಲಿನ ದೊಡ್ಡವರೊಬ್ಬರು ಕನ್ನಡದಲ್ಲಿ ಮಾತಾಡುವುದನ್ನು ಅವಳು ಹತ್ತಿರದಿಂದ ಕಂಡದ್ದು ಅದೇ ಮೊದಲು.

ನೀರು, ಬೆರಳು, ಬಾಚಣಿಗೆ

ನಮ್ಮ ಮನೆಯಲ್ಲಿ ಈಗ ನಡೆಯುವ ಕ್ರಮ ಹೀಗಿದೆ.

ಮೊದಲಿಗೆ ನೀರು. ದಾವಣಗೆರೆಯಲ್ಲಿ ನಲ್ಲಿ ನೀರು ಒಂದು ಥರ, ಬೋರಿನ ನೀರು ಇನ್ನೊಂದು ಥರ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರು ಕೂದಲಿನ ಮೇಲೂ ಅದೇ ಪೊರೆ ಕಟ್ಟುತ್ತದೆ. ಸೋಪು ನೊರೆ ಬರುವುದಿಲ್ಲ, ಒಣಗಿದ ಮೇಲೆ ಕೂದಲು ನಾರಿನಂತಾಗುತ್ತದೆ. ಹಾಗಾಗಿ ನಲ್ಲಿ ಬಂದ ದಿನ ಎರಡು ಕೊಡ ನೀರು ತಲೆಸ್ನಾನಕ್ಕೆಂದೇ ಎತ್ತಿಡುತ್ತೇನೆ. ಎಲ್ಲದಕ್ಕೂ ಸಾಲದಿದ್ದರೆ ಕೊನೆಯ ಎರಡು ತಂಬಿಗೆಯಾದರೂ ಸಿಹಿನೀರಾಗಿರಲಿ. ತೀರಾ ಬಿಸಿ ಬೇಡ, ಉಗುರು ಬೆಚ್ಚಗಿದ್ದರೆ ಸಾಕು.

ತಲೆಸ್ನಾನ ವಾರಕ್ಕೊಮ್ಮೆ. ದಿನಾ ತೊಳೆದರೆ ಇರುವ ಜಿಡ್ಡೂ ಹೋಗುತ್ತದೆ. ಸೀಗೆಪುಡಿ, ಅಂಟುವಾಳ ಈ ಕೂದಲನ್ನು ಇನ್ನಷ್ಟು ಒಣಗಿಸುತ್ತವೆ. ಪುಡಿಯ ಚೂರುಗಳು ಸುರುಳಿಯೊಳಗೆ ಸಿಕ್ಕಿಕೊಂಡು ತೆಗೆಯುವುದೇ ಒಂದು ಕೆಲಸವಾಗುತ್ತದೆ. ಸೌಮ್ಯವಾದ ಮಕ್ಕಳ ಶ್ಯಾಂಪೂವನ್ನು ನೀರಿಗೆ ಬೆರೆಸಿ, ನೆತ್ತಿಗೆ ಮಾತ್ರ ಹಚ್ಚಿ ಬೆರಳ ತುದಿಯಿಂದ ಉಜ್ಜಿದರೆ ಸಾಕು. ಇಳಿದು ಬರುವ ನೊರೆಯೇ ತುದಿಯನ್ನೂ ತೊಳೆಯುತ್ತದೆ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ತಿಕ್ಕಬಾರದು, ಗಂಟು ಬೀಳುವುದೇ ಅಲ್ಲಿ.

ಆಮೇಲೆ ಕಂಡೀಷನರ್. ಕೈತುಂಬ ಬೇಕು, ಇಲ್ಲಿ ಜಿಪುಣತನ ಮಾಡಬಾರದು. ಅಂಗಡಿಯದು ಬೇಡ ಎನ್ನುವವರಿಗೆ ನಮ್ಮ ಮಲೆನಾಡಿನ ಮತ್ತಿಸೊಪ್ಪು ಇದೆ, ಹಿತ್ತಲಿನ ದಾಸವಾಳದ ಎಲೆ ಇದೆ. ನೀರಿನಲ್ಲಿ ಕಿವುಚಿದರೆ ಲೋಳೆ ಬಿಡುತ್ತದೆ. ಬಟ್ಟೆಯಲ್ಲಿ ಸೋಸಿ, ಆ ಲೋಳೆಯನ್ನಷ್ಟೇ ಬಳಸಬೇಕು. ಸೋಸದಿದ್ದರೆ ಎಲೆಯ ಚೂರುಗಳನ್ನು ಹೆಕ್ಕುತ್ತ ಸಂಜೆಯಾಗುತ್ತದೆ.

ಸಿಕ್ಕು ಬಿಡಿಸುವುದು ಕೂದಲು ತೊಯ್ದು, ಜಾರುವ ಹಾಗಿರುವಾಗಲೇ. ತಲೆಯನ್ನು ನಾಲ್ಕು ಭಾಗ ಮಾಡಿ, ಮೂರಕ್ಕೆ ಕ್ಲಿಪ್ ಹಾಕಿ, ಒಂದೊಂದೇ ಭಾಗ ಕೈಗೆತ್ತಿಕೊಳ್ಳಿ. ಮೊದಲು ಬೆರಳು, ನಂತರ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಬುಡದ ಕಡೆಗೆ ಹೋಗಬೇಕು. ಬುಡದಿಂದ ಎಳೆದರೆ ಎಲ್ಲ ಸಿಕ್ಕೂ ತುದಿಗೆ ಬಂದು ಒಂದೇ ಗಂಟಾಗುತ್ತದೆ. ಎಡಗೈಯಲ್ಲಿ ಕೂದಲಿನ ಬುಡವನ್ನು ಹಿಡಿದುಕೊಂಡರೆ ಎಳೆತ ನೆತ್ತಿಗೆ ತಾಗುವುದಿಲ್ಲ. ಹೇನು ತೆಗೆಯಬೇಕಾದಾಗಲೂ ಹೀಗೆಯೇ ಸಣ್ಣ ಸಣ್ಣ ಭಾಗ ಮಾಡಿಕೊಂಡು, ಕಂಡೀಷನರ್ ಹಚ್ಚಿದ ಕೂದಲಿನಲ್ಲೇ ಹೇನಿನ ಬಾಚಣಿಗೆ ಆಡಿಸಬೇಕು.

ಒರೆಸಲು ಟರ್ಕಿ ಟವೆಲ್ ಬೇಡ, ಅದರ ಎಳೆಗಳಿಗೆ ಕೂದಲು ಸಿಕ್ಕಿಕೊಳ್ಳುತ್ತದೆ. ತಾತನ ಹಳೆಯ ಪಂಚೆಯ ತುಂಡು ಇದಕ್ಕೆ ಬಲು ಚೆನ್ನ. ಉಜ್ಜದೆ, ಒತ್ತಿ ನೀರು ಹೀರಿಸಿದರೆ ಸಾಕು. ಒದ್ದೆ ಇನ್ನೂ ಸ್ವಲ್ಪ ಇರುವಾಗಲೇ ಎಣ್ಣೆ. ಒಣ ಕೂದಲಿಗೆ ಹಚ್ಚಿದ ಎಣ್ಣೆ ನೀರಾಗುವುದಿಲ್ಲ. ಒದ್ದೆ ಕೂದಲಿಗೆ ಹಚ್ಚಿದರೆ ಒಳಗಿನ ತೇವವನ್ನು ಹಿಡಿದಿಡುತ್ತದೆ. ಕೊಬ್ಬರಿ ಎಣ್ಣೆಯ ವಿಷಯದಲ್ಲಿ ನಮ್ಮ ಅಜ್ಜಿಯರು ಹೇಳಿದ್ದು ಸರಿಯೇ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೂ ನಮ್ಮ ಮನೆಯ ಅನುಭವ ಅದಕ್ಕೆ ಹೊಂದುತ್ತದೆ.

ಕೊನೆಯದು ಅಗಸೆ. ಚಟ್ನಿಪುಡಿಗೆ ತಂದ ಅಗಸೆಯಿಂದಲೇ ಎರಡು ಚಮಚ ತೆಗೆದು ಎರಡು ಲೋಟ ನೀರಿಗೆ ಹಾಕಿ ಕುದಿಸಿ. ಮೊಟ್ಟೆಯ ಬಿಳಿಯಷ್ಟು ಗಟ್ಟಿ ಲೋಳೆಯಾದಾಗ ಬಿಸಿಯಾಗಿದ್ದಂತೆಯೇ ಸೋಸಿಬಿಡಿ, ಆರಿದರೆ ಬಟ್ಟೆಯಿಂದ ಇಳಿಯುವುದಿಲ್ಲ. ಇದನ್ನು ಅಂಗೈಗೆ ತೆಗೆದುಕೊಂಡು ಕೂದಲನ್ನು ತುದಿಯಿಂದ ಮೇಲಕ್ಕೆ ಹಗುರಾಗಿ ಹಿಂಡಿದರೆ ಸುರುಳಿಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬರುತ್ತದೆ. ವಾಸನೆ ತಿರುಗಿದರೆ ಚೆಲ್ಲಿಬಿಡಿ.

ರಾತ್ರಿ ಹತ್ತಿಯ ದಿಂಬಿನ ಮೇಲೆ ಹೊರಳಾಡಿದರೆ ಅದು ತೇವವನ್ನು ಹೀರಿ, ಕೂದಲನ್ನು ಉಜ್ಜಿ ಗಂಟು ಹಾಕುತ್ತದೆ. ಹಳೆಯ ರೇಷ್ಮೆ ಸೀರೆಯ, ಜರಿ ಇಲ್ಲದ ಒಡಲಿನ ಭಾಗದಿಂದ ದಿಂಬಿನ ಚೀಲ ಹೊಲಿದುಕೊಡಿ. ನನ್ನದೊಂದು ಸೀರೆ ಮಡಿಕೆಯಲ್ಲಿ ಸೀಳಿ ಮೂಲೆಗೆ ಬಿದ್ದಿತ್ತು. ಈಗ ಮೊಮ್ಮಗಳ ತಲೆಯಡಿ ಇದೆ.

ಮೆಕ್ಕೆಜೋಳದ ಸಾಲು

ಭಾನುವಾರ ನಮಗೆ ಹನ್ನೊಂದು ಗಂಟೆಯಾದಾಗ ಕೀನ್ಯಾದಲ್ಲಿ ಎಂಟೂವರೆ. ಬೀಗಿತಿ ಚರ್ಚಿಗೆ ಹೊರಡುವ ಮೊದಲು ವಿಡಿಯೊ ಕಾಲ್ ಮಾಡುತ್ತಾರೆ. ಮೊಮ್ಮಗಳು ಅವರನ್ನು ಕರೆಯುವುದು 'ನ್ಯಾನ್ಯಾ' ಎಂದು. ಸ್ವಾಹಿಲಿ ಭಾಷೆಯಲ್ಲಿ ನ್ಯಾನ್ಯಾ ಎಂದರೆ ಅಜ್ಜಿ. ಟೊಮೆಟೊಗೂ ಅದೇ ಹೆಸರು. ಸಾರಿಗೆ ಟೊಮೆಟೊ ಹೆಚ್ಚುವಾಗಲೆಲ್ಲ ಇವಳಿಗೆ ನಗು.

ಬೀಗಿತಿ ಫೋನನ್ನು ಗೋಡೆಗೆ ಒರಗಿಸಿ, ಪಕ್ಕದ ಮನೆಯ ಹುಡುಗಿಯೊಬ್ಬಳನ್ನು ಮುಂದೆ ಕೂರಿಸಿಕೊಂಡು, ನೆತ್ತಿಗೆ ಅಂಟಿಕೊಂಡಂತೆ ಸಾಲುಸಾಲಾಗಿ ಹೆಣೆಯುವುದನ್ನು ತೋರಿಸಿಕೊಟ್ಟರು. ಇಂಗ್ಲಿಷಿನಲ್ಲಿ ಇದಕ್ಕೆ 'ಕಾರ್ನ್‌ರೋ' ಎನ್ನುತ್ತಾರೆ, ಅಂದರೆ ಮೆಕ್ಕೆಜೋಳದ ಸಾಲು. ಕೀನ್ಯಾದವರು 'ಮಟೂಟ' ಎನ್ನುತ್ತಾರೆ, ಹೊಲದಲ್ಲಿ ಬಿತ್ತಲು ಏರಿಸುವ ಮಣ್ಣಿನ ದಿಂಡಿಗೂ ಅದೇ ಮಾತು. ದಾವಣಗೆರೆ ಜಿಲ್ಲೆಯವರಿಗೆ ಮೆಕ್ಕೆಜೋಳದ ಸಾಲು ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹರಿಹರದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತ ಮೊಮ್ಮಗಳು ಒಮ್ಮೆ, "ಅಜ್ಜಿ, ಹೊಲಕ್ಕೂ ನನ್ನ ಥರ ಜಡೆ ಹಾಕಿದಾರೆ" ಎಂದಳು. ಎರಡು ಖಂಡಗಳ ರೈತರಿಗೆ ಹೊಳೆದ ಹೋಲಿಕೆ ಅವಳಿಗೂ ಹೊಳೆದಿತ್ತು.

ಸಾಲುಜಡೆ ಒಮ್ಮೆ ಹಾಕಿದರೆ ಒಂದು ವಾರ, ಹತ್ತು ದಿನ ನಿಲ್ಲುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಬಹಳ ಅನುಕೂಲ. ಆದರೆ ಬೀಗಿತಿ ಒಂದು ಎಚ್ಚರಿಕೆ ಕೊಟ್ಟರು, ವೈದ್ಯರೂ ಅದನ್ನೇ ಹೇಳುತ್ತಾರೆ. ಬಿಗಿಯಾಗಿ ಹೆಣೆಯಬಾರದು. ಹಣೆಯಂಚಿನಲ್ಲಿ ಚರ್ಮ ಎಳೆದು ಹುಬ್ಬು ಮೇಲೇರಿದರೆ, ಸಣ್ಣ ಗುಳ್ಳೆಗಳೆದ್ದರೆ, ಮಗು "ನೋಯುತ್ತೆ" ಎಂದರೆ ಆಗಲೇ ಬಿಚ್ಚಬೇಕು. ವರ್ಷಗಟ್ಟಲೆ ಬಿಗಿ ಜಡೆ ಹಾಕಿದರೆ ಹಣೆಯಂಚಿನ ಕೂದಲು ಉದುರಿ, ಕೆಲವೊಮ್ಮೆ ಮತ್ತೆ ಬರುವುದೇ ಇಲ್ಲ. ನಮ್ಮ ಎರಡು ಜಡೆಗೂ ಈ ಮಾತು ಅನ್ವಯಿಸುತ್ತದೆ. ಜಡೆ ಗಟ್ಟಿಯಾಗಿದ್ದರೆ ಅಚ್ಚುಕಟ್ಟು ಎನ್ನುವ ತಾಯಂದಿರು ಮಗಳ ಹಣೆಯಂಚನ್ನು ಒಮ್ಮೆ ನೋಡಿ.

ಶಾಲೆ ಮತ್ತು ಪಾರ್ಲರ್

ಮನೆಯೊಳಗಿನದು ಇಷ್ಟು. ಹೊಸ್ತಿಲು ದಾಟಿದರೆ ಬೇರೆಯದೇ ಕೆಲಸ.

ಶಾಲೆಯ ಡೈರಿಯಲ್ಲಿ ಹೆಣ್ಣುಮಕ್ಕಳು ಎಣ್ಣೆ ಹಚ್ಚಿ, ಎರಡು ಜಡೆ ಮಡಿಸಿ ಕಟ್ಟಿ ಬರಬೇಕೆಂಬ ಸಾಲಿತ್ತು. ಮೊಮ್ಮಗಳ ಕೂದಲು ಮಡಿಸುವಷ್ಟು ಕೆಳಗೆ ಬರುವುದಿಲ್ಲ. ಒಂದು ದಿನ ಪ್ರಾರ್ಥನೆಯ ಹೊತ್ತಿಗೆ, ಕೂದಲು ಕೆದರಿಕೊಂಡಿದೆ ಎಂದು ಅವಳನ್ನು ಸಾಲಿನಿಂದ ಹಿಂದಕ್ಕೆ ನಿಲ್ಲಿಸಿದರಂತೆ. ನಾನು ಹೋಗಿ ಜಗಳವಾಡಲಿಲ್ಲ. ಟೀಚರಮ್ಮನ ಎದುರು ಒಂದು ಸುರುಳಿ ಎಳೆದು ತೋರಿಸಿದೆ, ಭುಜದವರೆಗೆ ಬಂತು. ಬಿಟ್ಟೆ, ಟಪ್ಪನೆ ಕಿವಿಯ ಮೇಲಕ್ಕೆ ಹೋಯಿತು. "ನೋಡಿ ಮೇಡಂ, ಉದ್ದ ಇದೆ, ಆದರೆ ಇಳಿಬೀಳುವುದಿಲ್ಲ. ನಿಯಮ ಅಚ್ಚುಕಟ್ಟಿಗೆ ಇರೋದಲ್ವಾ? ಎರಡು ಜುಟ್ಟು ಕಟ್ಟಿ ಅದೇ ಬಣ್ಣದ ರಿಬ್ಬನ್ ಹಾಕಿ ಕಳಿಸ್ತೀನಿ" ಎಂದೆ. ಆಕೆ ತಾವೂ ಒಮ್ಮೆ ಎಳೆದು ನೋಡಿ ನಕ್ಕರು. ಆಮೇಲೆ ಅಡ್ಡಿಯಾಗಲಿಲ್ಲ. ಶಿಕ್ಷಕರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಇಂಥ ಕೂದಲನ್ನು ಕಂಡಿರುವುದಿಲ್ಲ.

ಎಲ್ಲ ಕಡೆ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ದಕ್ಷಿಣ ಆಫ್ರಿಕಾದಂಥ ದೇಶದಲ್ಲೇ, 2016ರಲ್ಲಿ ಪ್ರಿಟೋರಿಯಾದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ವಿದ್ಯಾರ್ಥಿನಿಯರು ತಮ್ಮ ಹುಟ್ಟು ಕೂದಲನ್ನು ಇದ್ದ ಹಾಗೆ ಬಿಡಲು ಅವಕಾಶ ಬೇಕೆಂದು ಪ್ರತಿಭಟಿಸಬೇಕಾಯಿತು. ಆ ಬಳಿಕ ಪ್ರಾಂತ್ಯದ ಶಿಕ್ಷಣ ಇಲಾಖೆ ಕೂದಲಿನ ನಿಯಮವನ್ನು ತಡೆಹಿಡಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ, ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಇಂಥ ಕೂದಲಿನ ಕಾರಣಕ್ಕೆ ಭೇದ ಮಾಡಬಾರದೆಂದು ಕಾನೂನನ್ನೇ ತಂದಿತು. ಆ ದೇಶದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಅದು.

ಪಾರ್ಲರಿನ ಮಾತೂ ಹೇಳಬೇಕು. ಮದುವೆಯೊಂದಕ್ಕೆ ಹೊರಟಾಗ, ತುದಿ ಕತ್ತರಿಸಲು ಕರೆದೊಯ್ದ ಕಡೆ ಒಬ್ಬಾಕೆ, "ಸ್ಟ್ರೇಟ್ನಿಂಗ್ ಮಾಡಿಸಿಬಿಡಿ ಆಂಟಿ, ಮುದ್ದಾಗಿ ಕಾಣ್ತಾಳೆ" ಎಂದಳು. ಆರು ವರ್ಷದ ಮಗುವಿಗೆ! ಕೂದಲನ್ನು ಕಾಯಂ ನೆಟ್ಟಗೆ ಮಾಡುವ ಕೆಲವು ಕ್ರೀಮುಗಳಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಸೋಪು ಮಾಡಲು, ಕಟ್ಟಿಕೊಂಡ ಕೊಳವೆ ಬಿಡಿಸಲು ಬಳಸುವ ಕಾಸ್ಟಿಕ್ ಸೋಡಾ. ನೆತ್ತಿಗೆ ತಗುಲಿದರೆ ಸುಡುತ್ತದೆ. ಇನ್ನು ಕೆಲವು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತವೆ, ಅದು ಕ್ಯಾನ್ಸರ್‌ಕಾರಕ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 33,497 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿತು. ಕೂದಲು ನೆಟ್ಟಗಾಗಿಸುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ 1.64, ಪದೇಪದೇ ಬಳಸಿದವರಲ್ಲಿ ಶೇ 4.05 ಎಂದು ಅಂದಾಜಾಯಿತು. ರಾಸಾಯನಿಕವೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಮಗುವಿನ ತಲೆಗೆ ಹಚ್ಚುವ ಮುಂಚೆ ಎರಡು ಸಲ ಯೋಚಿಸಲು ಇಷ್ಟು ಸಾಕು. ದೊಡ್ಡವಳಾದ ಮೇಲೆ ತನಗೆ ಬೇಕೆನಿಸಿದರೆ, ತಿಳಿದುಕೊಂಡು ಅವಳೇ ನಿರ್ಧರಿಸಲಿ. ಅವಳ ಪರವಾಗಿ ಆರನೆಯ ವಯಸ್ಸಿನಲ್ಲಿ ನಾವು ನಿರ್ಧರಿಸುವುದು ಬೇಡ.

ಕಿವಿಗೆ ಬೀಳುವ ಮಾತು

ಎಣ್ಣೆ, ಲೋಳೆಗಿಂತ ಹೆಚ್ಚು ಜೋಪಾನ ಬೇಕಾದದ್ದು ಮಾತಿಗೆ. ಮಂಡಿಪೇಟೆಗೆ ಹೋದರೆ, "ಏನ್ರೀ ಇದು, ಹಕ್ಕಿಗೂಡು ಇದ್ದಂಗೈತಲ್ಲ?" ಎನ್ನುವವರು ಸಿಗುತ್ತಾರೆ. ದೇವಸ್ಥಾನದ ಸಾಲಿನಲ್ಲಿ ಹಿಂದೆ ನಿಂತವರು ಕೇಳದೆಯೇ ಕೈಹಾಕಿ ಹಿಚುಕಿ ನೋಡುತ್ತಾರೆ. ಮೊಮ್ಮಗಳಿಗೆ ಒಂದು ವಾಕ್ಯ ಕಲಿಸಿದ್ದೇನೆ: "ಕೇಳಿ ಮುಟ್ಟಿ." ಗಟ್ಟಿಯಾಗಿ, ಮರ್ಯಾದೆಯಿಂದಲೇ ಹೇಳುತ್ತಾಳೆ. ಹೆಚ್ಚಿನವರು ಕೈ ಹಿಂದಕ್ಕೆ ತೆಗೆದು, "ಅಯ್ಯೋ ಕೂಸೇ, ಮುಟ್ಲಾ?" ಎಂದು ಕೇಳುತ್ತಾರೆ. ಕೆಲವೊಮ್ಮೆ ಹೂಂ ಎನ್ನುತ್ತಾಳೆ, ಕೆಲವೊಮ್ಮೆ ಇಲ್ಲ ಎನ್ನುತ್ತಾಳೆ. ಅದು ಅವಳ ಇಷ್ಟ.

ಹರಿಹರೇಶ್ವರನ ಗುಡಿಗೆ ನಾವು ಆಗಾಗ ಹೋಗುತ್ತೇವೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದ ಕತೆಯನ್ನು ಮೊಮ್ಮಗಳಿಗೆ ಹೇಳಿದ್ದೇನೆ. ಬಲಭಾಗ ಶಿವ, ಎಡಭಾಗ ವಿಷ್ಣು. "ಹಂಗಾದ್ರೆ ಅರ್ಧ ಜಡೆ, ಅರ್ಧ ಕಿರೀಟ?" ಎಂದು ಕೇಳಿದಳು. ಹೌದು, ಹರಿಹರ ಮೂರ್ತಿಗಳನ್ನು ಕಡೆಯುವ ಪದ್ಧತಿಯೇ ಹಾಗೆ ಎಂದೆ. "ನಂದೂ ಹಂಗೇ, ಹಿಂದೆ ಅಪ್ಪಂದು, ಮುಂದೆ ಅಮ್ಮಂದು" ಎಂದು ತಲೆ ಮುಟ್ಟಿ ತೋರಿಸಿದಳು.

ಆದರೂ ಮಕ್ಕಳ ಮನಸ್ಸಿನಲ್ಲಿ ಏನು ಓಡುತ್ತಿರುತ್ತದೋ ನಮಗೆ ಪೂರ್ತಿ ತಿಳಿಯುವುದಿಲ್ಲ. ಒಂದು ಸಂಜೆ ಅವಳು ಬಿಡಿಸಿದ ಚಿತ್ರದಲ್ಲಿ ಅಮ್ಮ, ಅಪ್ಪ, ಅಜ್ಜಿ, ತಾತ ಎಲ್ಲ ಇದ್ದ ಹಾಗೆಯೇ ಇದ್ದರು. ಅವಳು ಮಾತ್ರ ಮೊಣಕಾಲಿನವರೆಗೆ ಇಳಿಬಿದ್ದ ನೆಟ್ಟ ಕೂದಲಿನ ಹುಡುಗಿಯಾಗಿದ್ದಳು. "ಅಜ್ಜಿ, ನನ್ನ ಕೂದ್ಲು ಯಾವಾಗ ಕೆಳಗೆ ಬೀಳುತ್ತೆ?" ಎಂದು ಕೇಳಿದಳು. ಈ ಪ್ರಶ್ನೆಗೆ "ನಿನ್ನ ಕೂದಲೇ ಚೆಂದ ಕಣೇ" ಎಂದು ತಟ್ಟಿ ಕಳಿಸಿದರೆ ಮಗು ನಂಬುವುದಿಲ್ಲ. ಅವಳು ಕೇಳಿದ್ದು ಚೆಂದದ ಮಾತಲ್ಲ, ತನ್ನ ತಲೆಯಲ್ಲಿ ಏನು ನಡೆಯುತ್ತಿದೆ ಎಂಬ ಲೆಕ್ಕ.

ಹಾಗಾಗಿ ಲೆಕ್ಕವನ್ನೇ ತೋರಿಸಿದೆ. ಈ ಪುಟ ಓದುವ ಪುಟಾಣಿಗಳೂ ಮಾಡಿನೋಡಬಹುದು. ಕಪ್ಪು ಉಲ್ಲನ್ ದಾರದ ಎರಡು ತುಂಡು, ಎರಡೂ ಒಂದು ಗೇಣು. ಒಂದನ್ನು ಹಾಗೇ ಇಡಿ. ಇನ್ನೊಂದನ್ನು ನೀರಿನಲ್ಲಿ ಅದ್ದಿ, ಪೆನ್ಸಿಲ್ಲಿಗೆ ಒತ್ತಾಗಿ ಸುತ್ತಿ, ತುದಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯಿಡೀ ಒಣಗಿಸಿ. ಬೆಳಿಗ್ಗೆ ಪೆನ್ಸಿಲ್ ತೆಗೆದು ಎರಡನ್ನೂ ಪಕ್ಕಪಕ್ಕ ತೂಗಿಬಿಡಿ. ಸುತ್ತಿದ ದಾರ ಬಹಳ ಗಿಡ್ಡ ಕಾಣುತ್ತದೆ. ಎಳೆದು ಹಿಡಿದರೆ ಎರಡೂ ಸಮ. ಮೊಮ್ಮಗಳು ಹತ್ತು ಸಲ ಎಳೆದು ಬಿಟ್ಟು ನೋಡಿದಳು. "ಹಂಗಾದ್ರೆ ನನ್ನ ಕೂದ್ಲು ಉದ್ದಾನೇ ಐತೆ, ಸುತ್ಕೊಂಡೈತೆ ಅಷ್ಟೇ" ಎಂದಳು.

ಅಂಗಡಿಯಲ್ಲಿ ಸಿಗುವ ಬೊಂಬೆಗಳಿಗೆಲ್ಲ ಜಾರುವ ನೆಟ್ಟ ಕೂದಲು. ಅಂಥದೇ ಸುರುಳಿ ದಾರ ನಲವತ್ತು ಮಾಡಿ, ಬಟ್ಟೆಯ ಬೊಂಬೆಯೊಂದಕ್ಕೆ ಇಬ್ಬರೂ ಸೇರಿ ಹೊಲಿದೆವು. ಈಗ ಭಾನುವಾರ ನಾನು ಅವಳ ತಲೆ ನೋಡುವಾಗ ಅವಳು ಬೊಂಬೆಯ ತಲೆ ನೋಡುತ್ತಾಳೆ. "ಅಳಬ್ಯಾಡ, ತುದಿಯಿಂದ ಬಿಡಿಸ್ತೀನಿ" ಎಂದು ಅದಕ್ಕೆ ಹೇಳುವುದು ಕೇಳಿಸುತ್ತದೆ.

ಕನ್ನಡದಲ್ಲಿ ಈ ಕೂದಲಿಗೆ ಒಳ್ಳೆಯ ಮಾತುಗಳಿಗೆ ಬರವಿಲ್ಲ. ಕುರುಳು, ಮುಂಗುರುಳು, ಗುಂಗುರು, ಸುರುಳಿ. ನಮ್ಮ ಹಳೆಯ ಕವಿಗಳು ಕುರುಳನ್ನು ಹೊಗಳಿ ದಣಿದಿಲ್ಲ. ಹಕ್ಕಿಗೂಡು, ಪೊರಕೆ ಎಂಬ ಮಾತು ಬಾಯಿಗೆ ಬಂದಾಗ ಅದರ ಬದಲು ಇವುಗಳಲ್ಲೊಂದನ್ನು ಬಳಸಿದರೆ ಯಾರಿಗೂ ಖರ್ಚಿಲ್ಲ. ನಿಮ್ಮ ಮನೆಯಲ್ಲೂ ಇಂಥ ತಲೆಯೊಂದಿದ್ದರೆ ಮುಂದಿನ ಭಾನುವಾರ ಸಣ್ಣ ಹಲ್ಲಿನ ಬಾಚಣಿಗೆಯನ್ನು ಬದಿಗಿಟ್ಟು, ಒಂದು ತಾಸು ಬಿಡುವು ಮಾಡಿಕೊಂಡು ಕೂತುಕೊಳ್ಳಿ. ಅಗಸೆ ಕುದಿಸುವಾಗ ಮಾತ್ರ ಒಲೆಯ ಹತ್ತಿರವೇ ಇರಿ, ಹಾಲಿನಂತೆ ಉಕ್ಕುತ್ತದೆ.